ಎಲ್ಲರಿಗೂ ಒಂದೇ ರಜೆ

ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದಲ್ಲಿ ಡಿಸೆಂಬರ್ ಇಪ್ಪತ್ನಾಲ್ಕು ಎಂದರೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ದಿನ. ಹಬ್ಬ ಬಂತೆಂದು ರೋಗಿಗಳು ಹಾಸಿಗೆ ಬಿಟ್ಟು ಎದ್ದು ಹೋಗುತ್ತಾರೆಯೇ? ಮರುದಿನ ಕ್ರಿಸ್‌ಮಸ್‌ಗೆ ಎಲ್ಲರೂ ಮನೆಯಲ್ಲಿರಬೇಕೆಂದರೆ ಎರಡು ದಿನಕ್ಕಾಗುವಷ್ಟು ಚಾದರಗಳನ್ನು ಒಂದೇ ದಿನದಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಮಡಿಚಿ ವಾರ್ಡುಗಳಿಗೆ ಮುಟ್ಟಿಸಬೇಕು. ದೊಡ್ಡ ದೊಡ್ಡ ಡ್ರಮ್ಮುಗಳು ಬೆಳಗಿನಿಂದ ಗುಡುಗುಡು ತಿರುಗುತ್ತಲೇ ಇದ್ದವು. ಕಿಟಕಿಯ ಗಾಜೆಲ್ಲ ಹಬೆಯಿಂದ ಬೆವತಿತ್ತು.

ಈ ಏರ್ಪಾಡು ದೊಡ್ಡಕ್ಕನದು. ಅವಳು ಅಲ್ಲಿಯ ಮೇಲ್ವಿಚಾರಕಿ. ಅವಳಿಗಿಂತ ಹಿರಿಯರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಅವಳು ಬರುವ ಮುಂಚೆ ಹಬ್ಬದ ದಿನವೂ ಅರ್ಧ ಜನ ಕೆಲಸಕ್ಕೆ ಬರಬೇಕಿತ್ತು. ಆ ಅರ್ಧ ಯಾರು ಎಂಬ ಜಗಳ ನವೆಂಬರಿನಲ್ಲೇ ಶುರುವಾಗುತ್ತಿತ್ತು. ದೊಡ್ಡಕ್ಕ ಮೇಲಿನವರ ಬೆನ್ನು ಬಿಡದೆ ಕಾಡಿ, ಇಪ್ಪತ್ತೈದರಂದು ಎಲ್ಲರಿಗೂ ರಜೆ ಕೊಡಿಸಿದಳು. ಅದಕ್ಕೆ ಬದಲಾಗಿ ಇಪ್ಪತ್ನಾಲ್ಕರಂದು ರಾತ್ರಿಯವರೆಗೂ ದುಡಿಮೆ. ಯಾರೂ ತಪ್ಪಿಸುವಂತಿಲ್ಲ.

ಅಷ್ಟೇ ಅಲ್ಲ. ಏಳೆಂಟು ದೇಶಗಳಿಂದ ಬಂದವರು ಒಟ್ಟಿಗೆ ದುಡಿಯುವ ಜಾಗ ಅದು. ಹರಿದ ಚಾದರವೊಂದರ ಮೇಲೆ ಅವರವರ ಭಾಷೆಯಲ್ಲೇ ಕ್ರಿಸ್‌ಮಸ್ ಶುಭಾಶಯ ಬರೆಸಿ ಗೋಡೆಗೆ ಕಟ್ಟಿಸಿದ್ದಳು. ಪ್ರತಿ ವರ್ಷ ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬೊಬ್ಬರ ಮುಂದೆ ನಿಂತು ಅವರದೇ ಭಾಷೆಯಲ್ಲಿ ಶುಭಾಶಯ ಹೇಳುವುದು, ಮನೆಯಲ್ಲಿ ಮಾಡಿದ ಕೇಕ್ ಕೊಡುವುದು ಅವಳ ಪದ್ಧತಿ. ನಾಲಿಗೆ ಹೊರಳದೆ ಅವಳು ಒದ್ದಾಡುವುದನ್ನು ನೋಡಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುವರು. ಅವಳೂ ನಗುವಳು. ಇಷ್ಟು ಭಾಷೆಯ ಜನರನ್ನು ಒಂದು ಮನೆಯಂತೆ ನಡೆಸುತ್ತಿದ್ದೇನಲ್ಲ ಎಂದು ಒಳಗೊಳಗೇ ಬೀಗುವಳು.

ಈ ವರ್ಷ ಆ ನಗೆಗೆ ಸ್ವಲ್ಪ ಹುಳಿ ಬಿತ್ತು. ಚಾದರ ಮಡಿಚುವ ಮೇಜಿನ ಅಜ್ಜಿ ಕೇಕ್ ಮುಟ್ಟಲಿಲ್ಲ.

ಚಾದರಜ್ಜಿ ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಮಾತು ಕಡಿಮೆ. ಇಲ್ಲಿಯ ಭಾಷೆಯನ್ನು ಎಡವುತ್ತ ಆಡುವರು. ದೊಡ್ಡಕ್ಕ ಎರಡು ಸಲ ಒತ್ತಾಯ ಮಾಡಿದರೂ ಎದೆಯ ಮೇಲೆ ಕೈಯಿಟ್ಟು, ಈಗ ಬೇಡ ಮಗಳೇ ಎಂದರು. ಅಜ್ಜಿಯ ಎದುರು ತುದಿಯಲ್ಲಿ ಚಾದರ ಹಿಡಿಯುವ ಇಸ್ತ್ರಿ ಹುಡುಗಿಗೆ ಇಷ್ಟು ಸಾಕಾಯಿತು. ಅಜ್ಜಿಗೆ ನಮ್ಮ ಕೈ ಅಡುಗೆ ಸೇರುವುದಿಲ್ಲ ಅಂತ ಕಾಣುತ್ತೆ ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿದಳು. ದೊಡ್ಡಕ್ಕನ ಮುಖ ಸಪ್ಪಗಾಯಿತು. ಹಿಂದಿನ ಸಂಜೆ ಮಕ್ಕಳನ್ನು ಗದರಿ, ದ್ರಾಕ್ಷಿ ಕದಿಯುವ ಕೈಗಳಿಗೆ ಚಮಚದಲ್ಲಿ ಬಡಿದು ಮಾಡಿದ ಕೇಕ್ ಅದು.

ಬೇಸರಕ್ಕೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ವಾರ ಅಜ್ಜಿ ಬಂದು, ಇಪ್ಪತ್ನಾಲ್ಕರ ಸಂಜೆ ಬೇಗ ಬಿಡಬೇಕು, ಮಗಳು ಬರುತ್ತಾಳೆ ಎಂದು ಕೇಳಿದ್ದರು. ಅವರ ಮಾತು ಮುಗಿಯುವ ಮೊದಲೇ ದೊಡ್ಡಕ್ಕ, ಮರುದಿನ ಇಡೀ ದಿನ ರಜೆ ಇದೆಯಲ್ಲ ಅಜ್ಜಿ, ಮಗಳ ಜೊತೆ ಕಣ್ತುಂಬ ಕ್ರಿಸ್‌ಮಸ್ ಮಾಡಿ ಎಂದುಬಿಟ್ಟಿದ್ದಳು. ಅಜ್ಜಿ ಮತ್ತೇನೋ ಹೇಳಲು ಬಾಯಿ ತೆರೆದಿದ್ದರು. ಎಲ್ಲರಿಗೂ ಒಂದೇ ನ್ಯಾಯ, ಒಬ್ಬರನ್ನು ಬಿಟ್ಟರೆ ನಾಳೆ ಹತ್ತು ಜನ ಬಾಗಿಲಲ್ಲಿ ನಿಲ್ಲುತ್ತಾರೆ ಎಂದು ದೊಡ್ಡಕ್ಕ ಆ ಮಾತನ್ನೂ ಅಲ್ಲಿಗೇ ಕಡಿದಿದ್ದಳು.

ಹೊರಗೆ ಬೆಳಕು ಕಂದತೊಡಗಿದಾಗ ಅಜ್ಜಿಯ ಕೈ ನಿಧಾನವಾಯಿತು. ಒಂದೆರಡು ಚಾದರ ಮಡಿಚುವುದು, ಹಿತ್ತಲ ಬಾಗಿಲಿಗೆ ಹೋಗಿ ಬರುವುದು. ಮತ್ತೆರಡು ಮಡಿಚುವುದು, ಮತ್ತೆ ಹೋಗುವುದು. ಹಾಸಿಗೆಯ ದೊಡ್ಡ ಚಾದರಕ್ಕೆ ಇಬ್ಬರು ಬೇಕೇ ಬೇಕು. ಇತ್ತ ಇಸ್ತ್ರಿ ಹುಡುಗಿ ಎರಡು ಮೂಲೆ ಹಿಡಿದುಕೊಂಡು ನಿಂತೇ ಇರಬೇಕಾಯಿತು.

"ನೋಡಿ ದೊಡ್ಡಕ್ಕ, ನಾನೇನು ಬಟ್ಟೆ ಹಗ್ಗ ಕಟ್ಟೋ ಗೂಟಾನಾ?" ಎಂದು ಅವಳು ದೂರಿದಳು.

ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿತ್ತಲಿಗೆ ನಡೆದಳು. ಇವತ್ತು ಎರಡು ಮಾತು ಹೇಳಿಯೇ ಬಿಡಬೇಕು ಎಂದು ಬಾಯಲ್ಲಿ ತಯಾರೂ ಮಾಡಿಕೊಂಡಿದ್ದಳು. ಅಜ್ಜಿ ಕೊಳೆಬಟ್ಟೆಯ ಗಾಡಿಗಳ ನಡುವೆ ನಿಂತು ತಲೆಯೆತ್ತಿ ಆಕಾಶ ನೋಡುತ್ತಿದ್ದರು. ಪಕ್ಕದಲ್ಲಿ ಚಾದರ ಸಾಗಿಸುವ ವ್ಯಾನಣ್ಣ. ಅವನೂ ಕತ್ತೆತ್ತಿ ಹುಡುಕುತ್ತಿದ್ದ.

"ಏನು, ಇಬ್ಬರೂ ಸೇರಿ ಮೋಡ ಎಣಿಸ್ತಿದ್ದೀರಾ?"

ವ್ಯಾನಣ್ಣ ಬೆಚ್ಚಿ ಕತ್ತಿಳಿಸಿದ. "ನಕ್ಷತ್ರ ನೋಡ್ತಿದ್ದೀವಕ್ಕ. ಅಜ್ಜಿ ಬೆಳಗ್ಗೆಯಿಂದ ಏನೂ ತಿಂದಿಲ್ಲ."

ಅಜ್ಜಿ ಎಡವುತ್ತ, ನಿಲ್ಲುತ್ತ ಹೇಳತೊಡಗಿದರು. ದೊಡ್ಡಕ್ಕ ಒಂದೆರಡು ಕಡೆ ನಡುವೆ ಬಾಯಿ ಹಾಕಲು ಹೋದಳು. ವ್ಯಾನಣ್ಣ ಸುಮ್ಮನೆ ಅವಳ ಮುಖ ನೋಡಿದ; ಅವಳು ಬಾಯಿ ಮುಚ್ಚಿಕೊಂಡಳು. ಅಜ್ಜಿಯ ಕಡೆಯವರಿಗೆ ಕ್ರಿಸ್‌ಮಸ್ ಎಂದರೆ ಇಪ್ಪತ್ನಾಲ್ಕರ ಸಂಜೆ. ದಿನವಿಡೀ ಉಪವಾಸ. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಮನೆಮಂದಿಯೆಲ್ಲ ಮೇಜಿನ ಸುತ್ತ ಸೇರಿ, ತೆಳ್ಳನೆಯ ರೊಟ್ಟಿಯ ಹಾಳೆಯೊಂದನ್ನು ಒಬ್ಬರ ಕೈಯಿಂದ ಒಬ್ಬರು ಮುರಿದುಕೊಂಡು ಶುಭಾಶಯ ಹೇಳುತ್ತಾರೆ. ಮನೆಯ ಹಿರಿಯರು ಮೊದಲು ಮುರಿಯಬೇಕು. ಇಪ್ಪತ್ತೈದು ಕೈಕಾಲು ಚಾಚಿ ಮಲಗುವ ದಿನ, ಅಷ್ಟೇ. ಮಗಳು ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ನಾಲ್ಕು ವರ್ಷದ ಮೇಲೆ ಒಂದೇ ಒಂದು ರಾತ್ರಿಗೆ ಬಂದಿದ್ದಾಳೆ, ಬೆಳಗಾದರೆ ಬಂದರಿಗೆ ವಾಪಸು. ಅವಳ ಜೊತೆ ಬಂದಿರುವ ಮೊಮ್ಮಗಳನ್ನು ಅಜ್ಜಿ ಇನ್ನೂ ಎತ್ತಿಕೊಂಡೇ ಇಲ್ಲ.

"ಮನೇಲಿ ಮೇಜು ಹಾಕಿ ಕೂತಿದಾರೆ, ಮಗಳೇ," ಎಂದರು ಅಜ್ಜಿ. "ಮಗೂನೂ ತಿಂದಿಲ್ಲ. ಅಜ್ಜಿ ಬರಲಿ ಅಂತಿದೆಯಂತೆ."

ದೊಡ್ಡಕ್ಕ ಸೊಂಟದ ಮೇಲಿನ ಕೈ ಇಳಿಸಿದಳು. ತಾನು ನಗುತ್ತ ಕಲಿತಿದ್ದ ಅಜ್ಜಿಯ ಭಾಷೆಯ ಆ ಶುಭಾಶಯ ಯಾವ ಹೊತ್ತಿಗೆ, ಯಾರ ಕೈಯಿಂದ ಏನು ಮುರಿದುಕೊಂಡು ಹೇಳುವಂಥದ್ದು ಎಂದು ಅವಳು ಕೇಳಿಯೇ ಇರಲಿಲ್ಲ. ಎಲ್ಲರಿಗೂ ಒಂದೇ ರಜೆ ಎಂದು ಹಂಚಿದ್ದು ತನ್ನ ಮನೆಯ ಕ್ಯಾಲೆಂಡರನ್ನು.

ಆದರೂ ಮೇಲ್ವಿಚಾರಕಿಯ ಬುದ್ಧಿ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಬಾಗಿಲ ಬಳಿ ಬಂದು ನಿಂತಿದ್ದ ಇಸ್ತ್ರಿ ಹುಡುಗಿ ಅವಳ ಮನಸ್ಸಿನ ಮಾತನ್ನೇ ಆಡಿದಳು. ಅಜ್ಜಿಯನ್ನು ಬಿಟ್ಟರೆ ನನಗೂ ಬಿಡಿ, ನನಗೇನು ಮನೆಯಿಲ್ಲವೇ, ಅಲ್ಲಿ ಗುಡ್ಡದಷ್ಟು ಚಾದರ ಬಿದ್ದಿದೆ, ಯಾರು ಮಡಿಚುತ್ತಾರೆ? ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೂರನೇ ಮಹಡಿಯ ವಾರ್ಡಿನವರು ಆಗಲೇ ಫೋನ್ ಮಾಡಿ ಕೇಳಿದ್ದರು.

"ನಾನು ಮಡಿಚ್ತೀನಿ," ಎಂದ ವ್ಯಾನಣ್ಣ. "ನಂಗಿನ್ನೂ ಹಬ್ಬ ಇಲ್ಲ. ನಮ್ಮ ಕ್ರಿಸ್‌ಮಸ್ ಜನವರಿ ಏಳಕ್ಕೆ."

ದೊಡ್ಡಕ್ಕ ಅವನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ತನಗಿಂತ ಮೊದಲಿನಿಂದ ಇಲ್ಲಿರುವ ಮನುಷ್ಯ. "ಇಷ್ಟು ವರ್ಷ ಜನವರಿ ಏಳಕ್ಕೆ ಏನು ಮಾಡ್ತಿದ್ದೆ?"

"ವ್ಯಾನ್ ಓಡಿಸ್ತಿದ್ದೆ."

ಸಿಟ್ಟಿಲ್ಲದೆ, ಹವಾಮಾನದ ವಿಷಯ ಹೇಳುವ ಹಾಗೆ ಹೇಳಿದ. ದೊಡ್ಡಕ್ಕ ಅಜ್ಜಿಯ ಬೆನ್ನ ಹಿಂದೆ ಕೈ ಹಾಕಿ, ಅವರ ಏಪ್ರನ್ನಿನ ಗಂಟು ತಾನೇ ಬಿಚ್ಚಿದಳು.

"ಹೊರಡಿ ಅಜ್ಜಿ. ನಕ್ಷತ್ರ ದಾರೀಲಿ ಸಿಗುತ್ತೆ."

ಅಜ್ಜಿ ಅವಳ ಎರಡೂ ಕೆನ್ನೆ ಹಿಡಿದು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಗೋಡೆಯ ಮೇಲೆ ಬರೆದಿದ್ದ ಅದೇ ಶುಭಾಶಯ. ಇದು ಇಷ್ಟು ಮೆತ್ತಗೆ ಹೇಳುವ ಮಾತೆಂದು ದೊಡ್ಡಕ್ಕನಿಗೆ ಗೊತ್ತಿರಲಿಲ್ಲ.

ಅಜ್ಜಿಯ ಏಪ್ರನ್ ಉಟ್ಟು ಅವಳೇ ಮೇಜಿಗೆ ನಿಂತಳು. ಎದುರು ತುದಿಗೆ ವ್ಯಾನಣ್ಣ. ಇಸ್ತ್ರಿ ಹುಡುಗಿ ಯಂತ್ರಕ್ಕೆ ಹೋದಳು. ವ್ಯಾನಣ್ಣ ಮಡಿಚಿದ ಚಾದರ ಮಡಿಚಿದ್ದಲ್ಲ, ಯಾರೋ ಅದರ ಮೇಲೆ ಮಲಗಿ ಹೊರಳಾಡಿ ಎದ್ದು ಹೋದಂತಿತ್ತು. ಹುಡುಗಿ ನೋಡಿ ನೋಡಿ ತಡೆಯಲಾರದೆ, ಅಣ್ಣ, ನೀವು ಗಾಡಿಯನ್ನೂ ಹೀಗೇ ಓಡಿಸುತ್ತೀರಾ ಎಂದು ನಕ್ಕಳು. ಬಂದು ಮೂಲೆ ಹಿಡಿಯುವುದನ್ನು ತೋರಿಸಿಕೊಟ್ಟಳು. ಸಿಟ್ಟು ಅಲ್ಲೇ ಕರಗಿತು.

ಮೂಲೆ ಕೂಡಿಸಲು ಎದುರುಬದುರು ನಡೆದು ಬರುವಾಗೆಲ್ಲ ದೊಡ್ಡಕ್ಕ ವ್ಯಾನಣ್ಣನನ್ನು ಒಂದೊಂದು ಪ್ರಶ್ನೆ ಕೇಳಿದಳು. ಅವನ ಕಡೆ ಶುಭಾಶಯ ಎಂದು ಹೇಳುವುದಿಲ್ಲವಂತೆ. ಒಬ್ಬರು "ಕ್ರಿಸ್ತ ಹುಟ್ಟಿದ" ಎನ್ನಬೇಕು, ಇನ್ನೊಬ್ಬರು "ಅವನನ್ನು ಕೊಂಡಾಡೋಣ" ಎನ್ನಬೇಕು. ಗೋಡೆಯ ಚಾದರದ ಮೇಲೆ ಅವಳು ಬರೆಸಿದ್ದುದು ಮೊದಲರ್ಧ ಮಾತ್ರ. ಹಬ್ಬ ಬರುವ ಮೊದಲು ಜವಾಬು ಹೇಳಬಾರದಲ್ಲ, ಅದಕ್ಕೇ ಪ್ರತಿ ವರ್ಷ ನಿಮಗೆ ಬರೀ ಥ್ಯಾಂಕ್ಸ್ ಅನ್ನುತ್ತಿದ್ದೆ ಎಂದ. ಕೇಕನ್ನು ಕಾಗದದಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದುದೂ ಉಪವಾಸದ ಕಾರಣಕ್ಕೆ. ಹಬ್ಬದವರೆಗೆ ಹಾಲು ಮೊಟ್ಟೆ ಮುಟ್ಟುವಂತಿಲ್ಲ.

"ಜನವರಿ ಏಳಕ್ಕೆ ತಿನ್ನೋ ಹೊತ್ತಿಗೆ ಕಲ್ಲಾಗಿರ್ತಿತ್ತಲ್ಲೋ," ಎಂದಳು ದೊಡ್ಡಕ್ಕ.

"ಕಲ್ಲೇ ಅಕ್ಕ. ಚಹಾದಲ್ಲಿ ನೆನೆಸಿ ತಿಂತಿದ್ವಿ."

ಜನವರಿ ಏಳರ ಬೆಳಿಗ್ಗೆ ದೊಡ್ಡಕ್ಕ ಮಕ್ಕಳನ್ನು ಶಾಲೆಗೆ ಅಟ್ಟಿ, ವ್ಯಾನಣ್ಣನಿಗೆ ಫೋನ್ ಮಾಡಿದಳು. ಅವನ ಭಾಷೆಯ ಆ ಎರಡು ಪದಗಳನ್ನು ಉಸಿರು ಬಿಗಿಹಿಡಿದು ಹೇಳಿದಳು. ಆ ಕಡೆಯಿಂದ ಅವನು, ಅವನ ಹೆಂಡತಿ, ಮಕ್ಕಳು, ಇನ್ನೂ ಯಾರು ಯಾರೋ ಒಟ್ಟಿಗೆ ಜವಾಬು ಕೂಗಿದರು. ಅವಳು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಆ ದಿನ ವ್ಯಾನ್ ಓಡಿಸಿದ್ದು ಅವಳೇ. ಎರಡು ಸಲ ಗೇರ್ ಕಿರುಚಿಸಿ, ಒಂದು ಕಸದ ಡಬ್ಬಿಗೆ ಮುತ್ತು ಕೊಟ್ಟು ಆಸ್ಪತ್ರೆಯ ಹಿಂಬಾಗಿಲಿಗೆ ತಲುಪಿದಳು. ಚಾದರ ಎಣಿಸಿಕೊಳ್ಳುವ ಸಿಸ್ಟರ್ ನಗುವವರಲ್ಲ, ಕೆಲಸಕ್ಕೆ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡುವವರೂ ಅಲ್ಲ. ವ್ಯಾನಿನವನು ಎಲ್ಲಿ ಎಂದು ಕೇಳಿದರು.

"ಅವನಿಗೆ ಇವತ್ತು ಕ್ರಿಸ್‌ಮಸ್."

ಸಿಸ್ಟರ್ ಎಣಿಸುತ್ತಿದ್ದ ಕೈ ನಿಂತಿತು. "ನಮ್ಮಲ್ಲಿ ಮಕ್ಕಳ ಹಬ್ಬ ನಿನ್ನೆ ಇತ್ತು," ಎಂದರು, ಯಾರಿಗೋ ಹೇಳುವಂತೆ. "ಬಾಲ ಯೇಸುವನ್ನ ನೋಡೋಕೆ ಹೋದ ಮೂರು ರಾಜರು ಉಡುಗೊರೆ ತರ್ತಾರೆ ಅಂತ ಹಿಂದಿನ ರಾತ್ರಿ ನಾವೆಲ್ಲ ಬೂಟು ತೊಳೆದು ಕಿಟಕೀಲಿ ಇಡ್ತಿದ್ವಿ. ನಮ್ಮಮ್ಮ..." ಅಲ್ಲಿಗೆ ನಿಲ್ಲಿಸಿ ತಲೆ ಕೊಡವಿದರು. "ಇರಲಿ ಬಿಡಿ. ನಿಮಗೆ ಹೊತ್ತಾಗುತ್ತೆ."

ಹೊತ್ತಂತೂ ಆಗಿತ್ತು. ಇನ್ನೂ ಎರಡು ಕಟ್ಟಡಗಳಿಗೆ ಹೋಗಬೇಕಿತ್ತು. ದೊಡ್ಡಕ್ಕ ಕಿಟಕಿಯೊಳಗೆ ಕೈ ಚಾಚಿ ವ್ಯಾನಿನ ಎಂಜಿನ್ ಆರಿಸಿದಳು.

"ನಿಮ್ಮಮ್ಮ ಏನು ಮಾಡ್ತಿದ್ರು, ಸಿಸ್ಟರ್?" ಎಂದು ಕೇಳಿ, ಚಾದರದ ಗಂಟೊಂದರ ಮೇಲೆ ಕೂತಳು.