ಮೊದಲ ಎಳೆತ

"ಗುಂಡಿಯಿಂದ ಎದ್ದು ಬಾರಲೇ, ಹೆಣ ಹೂಳೋ ನಾಯಿ! ದೊರೆ ಬರೋ ಹೊತ್ತಿಗೆ ತಿಕ ತೋರಿಸ್ಕೊಂಡು ನಿಂತಿದ್ದೀಯಾ?"

ದೊರೆಯ ಪಾರುಪತ್ತೇಗಾರ ಕ್ರೇಕ್‌ನ ಕೋಲು ಗಾವೆನ್‌ನ ಟೋಪಿ ಹಾರಿಸಿತು. ಗಾವೆನ್ ಸೊಂಟದಾಳದ ಗುಂಡಿಯಲ್ಲಿದ್ದ. ನವೆಂಬರಿನ ಹಿಮಕ್ಕೆ ಇಗರ್ಜಿಯ ಅಂಗಳ ಕಲ್ಲಾಗಿತ್ತು. ಹಿಂದಿನ ದಿನ ಸತ್ತ ಮುದುಕಿಗೆಂದು ಅವನು ಬೆಳಗಿನಿಂದ ಅಗೆಯುತ್ತಲೇ ಇದ್ದ.

"ಈ ಮುದುಕೀನ ಮಣ್ಣು ಮಾಡ್ಬಿಟ್ಟು ಬತ್ತೀನಿ ಸ್ವಾಮಿ. ದೊರೆಗೇನು ಅಂಥಾ ಅವಸರ?"

"ಗಂಟೆ ಬಾರಿಸ್ಬೇಕು. ದಂಡಿನ ಗಂಟೆ."

ಗಾವೆನ್‌ನ ಗುದ್ದಲಿ ನಿಂತಿತು.

ಸಾವಿನ ಗಂಟೆಯಲ್ಲಿ ಎಳೆತ ಎಳೆತದ ನಡುವೆ ಉಸಿರಾಡುವಷ್ಟು ಬಿಡುವಿರುತ್ತದೆ. ದಂಡಿನ ಗಂಟೆಗೆ ಬಿಡುವಿಲ್ಲ. ಅದು ಕಿವಿಗೆ ಬಿದ್ದರೆ ಮೂರು ಹಳ್ಳಿಯ ಗಂಡಸರು ಕೈಗೆ ಸಿಕ್ಕಿದ್ದು ಹಿಡಿದು ದೊರೆಯ ಹಿಂದೆ ಹೊರಡಬೇಕು. ಒಕ್ಕಲಾಗಿ ಉಳಿಯಬೇಕಾದರೆ ಅದೇ ಕರಾರು. ಮೂವತ್ಮೂರು ವರ್ಷದ ಹಿಂದೆ, ಲಂಡನ್ನಿನ ಈಗಿನ ರಾಣಿಯ ಅಪ್ಪ ಮಠಗಳನ್ನು ಮುಚ್ಚಿಸಿದ ಕಾಲದಲ್ಲಿ, ಹಳೆಯ ಕಥೋಲಿಕ ಧರ್ಮಕ್ಕಾಗಿ ಎದ್ದ ದಂಗೆಗೆ ಇದೇ ಗಂಟೆಯನ್ನು ಗಾವೆನ್‌ನ ಅಪ್ಪ ಬಾರಿಸಿದ್ದ. ದಂಗೆ ಮುರಿಯಿತು. ಊರಿನ ಭೂಮಿಯುಳ್ಳವರು ದಂಡ ಕಟ್ಟಿ ಮನೆಗೆ ಬಂದರು. ಗಂಟೆ ಎಳೆದವನು ಯಾರೆಂದು ಕೇಳಿದ ಅಧಿಕಾರಿ ಅಪ್ಪನನ್ನು ಅದೇ ಹಗ್ಗದಲ್ಲಿ ಗಂಟೆಗೋಪುರದ ಕಿಟಕಿಗೆ ನೇತುಹಾಕಿಸಿದ. ಅವ್ವ ಉಣ್ಣೆ ಕತ್ತರಿಯಿಂದ ಹಗ್ಗ ಕತ್ತರಿಸಿ ಹೆಣ ಇಳಿಸಿಕೊಂಡಳು. ಹೊಸ ಹಗ್ಗ ಕೊಡಿಸುವವರಿರಲಿಲ್ಲ, ತುಂಡುಗಳನ್ನೇ ಹೆಣೆದು ಸೇರಿಸಿದರು. ಆ ಹೆಣಿಗೆಯ ಉಬ್ಬು ಇವತ್ತಿಗೂ ಪ್ರತಿ ಭಾನುವಾರ ಗಂಟೆ ಎಳೆಯುವ ಗಾವೆನ್‌ನ ಅಂಗೈಗೆ ಸಿಗುತ್ತದೆ.

ಕ್ರೇಕ್ ಆಚೆ ಸರಿದ ಮೇಲೆ ಹೆಂಡತಿ ಎಮ್ಮೊಟ್ ಓಟ್ಸ್ ರೊಟ್ಟಿಯ ಗಂಟು ಹಿಡಿದು ಬಂದಳು. ಅವಳು ದೊರೆಯ ಕೋಟೆಯಲ್ಲಿ ಬಟ್ಟೆ ಒಗೆಯುವವಳು.

"ದೊರೆಸಾನಿ ಪೆಟ್ಟಿಗೆ ಹನ್ನೊಂದು, ಮೊನ್ನೆ ಗಾಡೀಲಿ ಹೋದ್ವು," ಎಂದಳು ಮೆಲ್ಲಗೆ.

"ಎಲ್ಲಿಗೆ?"

"ಸ್ಕಾಟ್ಲೆಂಡಿಗೆ. ಬೆಳ್ಳಿ ಬಟ್ಲನ್ನ ಬಟ್ಟೆ ಒಳಗೆ ಸುತ್ತಿಟ್ಟೋಳು ನಾನೇ. ಗೆಲ್ಲಾಕೆ ಹೋಗೋನು ಹೆಂಡ್ತಿ ಒಳಲಂಗಾನೂ ಗಡಿ ದಾಟಿಸ್ತಾನಾ?"

ಗಾವೆನ್ ರೊಟ್ಟಿ ಮುರಿದ. ಮುರಿದದ್ದನ್ನು ಮತ್ತೆ ಗಂಟಿಗೇ ಕಟ್ಟಿದ.

ಆಸ್ಕರ್ಬಿ ದೊರೆ ನಲವತ್ತು ಕುದುರೆಗಳೊಡನೆ ಬಂದ. ಮುಂದೆ ಬೆಳ್ಳಿಯ ಶಿಲುಬೆ. ಊರವರು ಟೋಪಿ ತೆಗೆದು ಹಿಮದಲ್ಲಿ ನಿಂತರು. ದೊರೆ ಕುದುರೆಯಿಂದಿಳಿದು, ಗಾವೆನ್‌ನನ್ನು ಗೋಪುರದ ಬಾಗಿಲಿಗೆ ಕರೆದುಕೊಂಡು ಹೋಗಿ, ಹೆಗಲ ಮೇಲೆ ಕೈಯಿಟ್ಟ.

"ತಮ್ಮಾ," ಎಂದ.

ನಾಲ್ಕು ವರ್ಷದ ಹಿಂದೆ ದೊರೆಯ ಬೇಲಿಯೊಳಗೆ ಒಲೆಗೆಂದು ಪುರಲೆ ಆಯ್ದದ್ದಕ್ಕೆ ಇದೇ ಹೆಗಲಿಗೆ ಚಾಟಿ ಬಿದ್ದಿತ್ತು. ಆಗ ಈ ಬಾಯಿಗೆ 'ತಮ್ಮಾ' ಬಂದಿರಲಿಲ್ಲ.

"ರಾಣಿ ಕಡೆಯವರು ನಮ್ಮ ಪೂಜೆ ನಿಲ್ಲಿಸಿದರು, ನಮ್ಮ ಮಾತೆ ಮರಿಯಮ್ಮನ್ನ ಒಡೆದು ಬೀದಿಗೆಸೆದರು. ನಿನ್ನ ತಾಯಿ ಯಾವ ಧರ್ಮದಲ್ಲಿ ಕಣ್ಣು ಮುಚ್ಚಿದಳೋ ಅದನ್ನ ನಾನು ವಾಪಸ್ ತರ್ತೀನಿ."

ಆ ಮಾತು ನಾಟಿತು. ಅವ್ವನ ಜಪಸರ ಈಗಲೂ ಗುಡಿಸಲಿನ ಸೂರಿನ ಹುಲ್ಲಿನೊಳಗೆ ಅಡಗಿತ್ತು. ಹಗ್ಗ ಎಳೆಯಲು ಅವನ ಕೈಗೂ ಆಸೆಯಿತ್ತು.

"ಬುದ್ದಿ, ಒಂದು ಮಾತು. ಹೊಳೆ ಆಚೆ ಹುಲ್ಲುಗಾವಲು ಮಠದ್ದು. ನಮ್ಮ ಹಸ ಅಲ್ಲೇ ಮೇಯ್ತಿದ್ವು. ಮಠ ಮುಚ್ಚಿದಾಗ ಅದು ನಿಮ್ಮ ತಂದೆಯೋರ ಪಾಲಾಯ್ತು, ನೀವು ಜಿಂಕೆಗೆ ಅಂತ ಬೇಲಿ ಹಾಕಿದ್ರಿ. ಧರ್ಮ ವಾಪಸ್ ಬಂದ್ರೆ ಅದೂ ವಾಪಸ್ ಬತ್ತದಾ?"

ದೊರೆಯ ಕೈ ಹೆಗಲಿಂದ ಜಾರಿತು. "ಅದೆಲ್ಲ ಆಮೇಲೆ ನೋಡೋಣ."

"ಆಮೇಲೆ ಅಂದ್ರೆ ನಾವು ನೆಗೆದು ಬಿದ್ದ ಮೇಲೆ," ಎಂದು ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಯಾವನಲೇ ಅವನು ಸೂಳೇಮಗ?" ಕ್ರೇಕ್ ತಿರುಗಿದ. ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು.

ಗಾವೆನ್ ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ದೊರೆಯ ಮುಂದೆ ಹಿಡಿದ.

"ಹಂಗಾದ್ರೆ ಮೊದಲ ಎಳೆತ ನಿಮ್ದಾಗ್ಲಿ ಬುದ್ದಿ. ಎರಡನೇದರಿಂದ ನಾನು ಎಳೀತೀನಿ. ಕೈ ಬೊಬ್ಬೆ ಬರೋಗಂಟ ಎಳೀತೀನಿ, ನಿಮ್ಮ ಹಿಂದೆ ಲಂಡನ್ನಿಗೂ ಬತ್ತೀನಿ."

ದೊರೆಯ ಕೈಗವಸು ಹಗ್ಗವನ್ನು ಮುಟ್ಟಿತು. ಬಾಗಿಲಾಚೆ ಊರೇ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ಕೈ ಹಿಂದೆ ಸರಿಯಿತು.

"ಗಂಟೆ ಬಾರಿಸೋದು ನನ್ನ ಕೆಲಸ ಅಲ್ಲ."

"ದಿಟ ಬುದ್ದಿ. ನೇತಾಡೋದೂ ನಿಮ್ಮ ಕೆಲಸ ಅಲ್ಲ."

ಕ್ರೇಕ್‌ನ ಕೋಲು ಬಾಯಿಗೆ ಬಿತ್ತು. "ಎಳೆಯೋ ಬೋಳೀಮಗನೆ! ಇಲ್ಲಾಂದ್ರೆ ನಿನ್ನ ಗುಡಿಸಲು ಬೂದಿ!"

ಗಾವೆನ್ ಒಂದು ಹಲ್ಲು ಉಗುಳಿ ಬಾಗಿಲಾಚೆ ನಿಂತಿದ್ದ ಎಮ್ಮೊಟ್‌ಳತ್ತ ನೋಡಿದ. ಅವಳು ಲಂಗದಂಚಿಗೆ ಕೈ ಒರೆಸಿಕೊಂಡಳು.

"ಸುಟ್ರೆ ಸೂರಿನ ಹುಲ್ಲು ತಾನೆ," ಎಂದಳು. "ಕೊಯ್ಕೊಂಡು ಬಂದ್ರಾಯ್ತು."

ಗಾವೆನ್ ತಲೆಯಾಡಿಸಿದ. "ಹಗ್ಗ ಮೇಲೆ ಸಿಕ್ಕೊಂಡದೆ ಸ್ವಾಮಿ, ಬಿಡಿಸ್ತೀನಿ," ಎಂದು ಕ್ರೇಕ್‌ಗೆ ಹೇಳಿ ಏಣಿ ಹತ್ತಿದ.

ಹತ್ತಿದವನು ಏಣಿಯನ್ನು ಮೇಲಕ್ಕೆಳೆದುಕೊಂಡ. ಅಂಗಿ ಬಿಚ್ಚಿ ಗಂಟೆಯ ನಾಲಗೆಗೆ ಬಿಗಿಯಾಗಿ ಸುತ್ತಿದ. ಆಮೇಲೆ ಮೊಳ ಮೊಳವಾಗಿ ಹಗ್ಗ ಎಳೆದುಕೊಂಡು, ಉಬ್ಬು ಕೈಗೆ ಸಿಕ್ಕಿದೊಡನೆ ಚಾಕು ಹಾಕಿದ. ಕೆಳಗಿನ ತುಂಡು ಕಿಟಕಿಯಿಂದ ಹಾರಿ ದೊರೆಯ ಕುದುರೆಯ ಕಾಲಬುಡಕ್ಕೆ ಬಿತ್ತು.

"ನಮ್ಮಪ್ಪನ ಕುತ್ತಿಗೇಲಿದ್ದ ತುಂಡು ಅದು! ತಗೊಂಡೋಗಿ, ನಿಮ್ಗೇ ಬೇಕಾಗ್ತದೆ!"

ಕ್ರೇಕ್ ಪಂಜು ಹಿಡಿದು ಗುಡಿಸಲಿಗೆ ಓಡಿದ. ಎಮ್ಮೊಟ್ ಅವನಿಗಿಂತ ಮುಂಚೆ ಒಳಹೊಕ್ಕು ಈಚೆ ಬಂದಾಗ ಅವಳ ಮುಷ್ಟಿಯಲ್ಲಿ ಜಪಸರವಿತ್ತು. ಸೂರು ಹೊತ್ತಿಕೊಂಡಿತು. ಊರವರು ದೊರೆಯ ಮುಖವನ್ನೂ ಹೊಗೆಯನ್ನೂ ನೋಡಿದರು. ಮುದಿ ಕುರುಬನೊಬ್ಬ ಮೊದಲು ಟೋಪಿಯನ್ನು ತಲೆಗೆ ಹಾಕಿಕೊಂಡ. ಪಕ್ಕದವನು ಹಾಕಿಕೊಂಡ. ಆಮೇಲೆ ಎಲ್ಲರೂ ಹಾಕಿಕೊಂಡು, ದೊರೆಗೆ ಬೆನ್ನು ತಿರುಗಿಸಿ, ಬಕೆಟ್ಟು ಹುಡುಕಲು ಹೊರಟರು.

"ಗಂಟೆಗೆ ಕಲ್ಲು ಹೊಡೀರೋ! ಹೇಗಾದರೂ ಮೊಳಗಿಸಿ!" ದೊರೆ ಕಿರುಚಿದ.

ಕಿಟಕಿಯೊಳಗೆ ಕಲ್ಲುಗಳು ಬಂದವು. ಗಾವೆನ್ ಬರಿ ಮೈಯಲ್ಲಿ ಗಂಟೆಯನ್ನು ತಬ್ಬಿಕೊಂಡ. ಕಂಚಿನ ಚಳಿ ಎದೆಯೊಳಗೆ ಇಳಿಯಿತು. ಪ್ರತಿ ಕಲ್ಲಿಗೂ ಗಂಟೆ ಮುದುಕರು ಕೆಮ್ಮಿದಂತೆ ದಡ್ಡೆಂದಿತು, ಮೊಳಗಲಿಲ್ಲ. ಕೆಳಗೆ ಸವಾರನೊಬ್ಬ ಬಿಲ್ಲಿಗೆ ಹೆದೆ ಏರಿಸುತ್ತಿದ್ದ. ಅವನ ಹಿಂದೆ, ಅಂಗಳದಲ್ಲಿ, ಬೆಳಗಿನಿಂದ ತೋಡಿದ ಗುಂಡಿ ಇನ್ನೂ ಖಾಲಿಯಿತ್ತು.