ಗುಲಫಶಾ ಇಳಿಸಿದ ಗಾಳಿ

“ಗಾಳಿ ತುಂಬಾವ್ರು ಊರ ತುಂಬ ಅದಾರ ಅಂಬಣ್ಣ, ಇಳಸಾಕ ಬರೋದು ಆ ಗುಲಫಶಾಗಷ್ಟ,” ಎಂದ ಅಂಚೆಯ ಅಮಾತೆಪ್ಪ, ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತ. “ನಿನ್ನಿ ತಾಂಡಾದ ಎರಿ ಮಣ್ಣಿನ ಕರಿ ಕೆಸರ ದಾರ್ಯಾಗ ಎಮ್ಮಿ ನಡದಂಗ ನಡೀತು ನೋಡು ನನ್ನ ಸೈಕಲ್ಲು! ಇವತ್ತೂ ಇಳಿಸಿಕೊಂಡ ಬಂದೇನಿ.”

ಅಂಬಣ್ಣನ ಬಾಯಲ್ಲಿದ್ದ ಚಹಾ ಕಹಿಯಾಯಿತು. ಸಗರ ಊರಿನ ಬೇವಿನ ಮರದಡಿ ಇಪ್ಪತ್ತೆರಡು ವರ್ಷದಿಂದ ಅವನದು ಸೈಕಲ್ ರಿಪೇರಿ. ಅವನು ಹೊಡೆದ ಗಾಳಿಯೆಂದರೆ ಕಲ್ಲು. ಬೆರಳ ಗೆಣ್ಣಿನಿಂದ ಟೈರು ಬಡಿದು, ಟಣ್ ಎಂದರೇನೇ “ಹ್ಞೂಂ, ಹೋಗು” ಅನ್ನುವವನು. ಅಮಾತೆಪ್ಪ ದಿನಾ ಬಂದು ಆ ಟಣ್ ಕೇಳಿಸಿಕೊಂಡು, ಊರ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದ. ಈ ಮಳೆಗಾಲದಲ್ಲಿ ಗುಲಫಶಾ ಎದುರಿಗೇ ಪಂಕ್ಚರ್ ಅಂಗಡಿ ತೆರೆದದ್ದೇ ತಡ, ಸುದ್ದಿಯೆಲ್ಲ ಅತ್ತ ಹೋಯಿತು. ಇತ್ತ ಉಳಿದದ್ದು ಬರೀ ಚಹಾ.

“ಗಾಳಿ ಇಲ್ಲದ ಟೈರ ಅಂದ್ರ ಹಲ್ಲಿಲ್ಲದ ಬಾಯಿ,” ಎಂದ ಅಂಬಣ್ಣ.

“ಹಲ್ಲಿಲ್ಲದ ಬಾಯೀನೂ ಹೋಳಿಗಿ ತಿಂತೈತಿ ಬಿಡೋ!” ಎಂದು ನಕ್ಕು, ಅಮಾತೆಪ್ಪ ಸೈಕಲ್ಲನ್ನು ಮರಕ್ಕೇ ಒರಗಿಸಿ ಪಂಚಾಯಿತಿಗೆ ಕಾಗದ ಕೊಡಲು ಹೋದ.

ಅಂಬಣ್ಣ ಟೈರು ಒತ್ತಿದ. ಹೆಬ್ಬೆರಳು ಒಳಕ್ಕೆ ಹೋಯಿತು. ಎದುರಿನ ಅಂಗಡಿಯಿಂದ ಅವಳ ನಗು ಕೇಳಿತು. ಪಂಪು ತಂದ. ಮುಂದಿನ ಗಾಲಿಗೆ ಇಪ್ಪತ್ತು ಹೊಡೆತ, ಹಿಂದಿನದಕ್ಕೆ ಮೂವತ್ತು. ಟಣ್!

ಮೋಡ ಕಟ್ಟಿತ್ತು. ಪಂಚಾಯಿತಿಯಿಂದ ಬಂದ ಅಮಾತೆಪ್ಪ ಟೈರು ನೋಡದೇ ಹತ್ತಿ ತಾಂಡಾದ ಕಡೆ ಹೋದ.

ಮಧ್ಯಾಹ್ನ ಬಂದವನು ನಡೆದೇ ಬಂದ. ಸೈಕಲ್ಲು ಹೆಗಲ ಮೇಲೆ, ಟಪಾಲು ಚೀಲ ತಲೆಯ ಮೇಲೆ, ಕಿವಿಯವರೆಗೂ ಕೆಸರು. ನೇರ ಗುಲಫಶಾಳ ಅಂಗಡಿಗೇ ಹೋದ. ಇವತ್ತು ಅವಳಿಗೆ ಐತಿ ಎಂದುಕೊಂಡು ಅಂಬಣ್ಣನೂ ರಸ್ತೆ ದಾಟಿದ.

“ಏನವ್ವಾ, ಏನ ಮಾಡಿಟ್ಟಿ? ಗಾಲಿ ಎರಿ ಒಳಗ ಹೂತು ಹೋತು, ನಾ ಮಕಾಡೆ ಬಿದ್ದೆ!”

ಗುಲಫಶಾ ಟೈರು ಒತ್ತಿದಳು. ಬೆರಳು ಹೋಗಲಿಲ್ಲ. ಗೆಣ್ಣಿನಿಂದ ಬಡಿದಳು. ಟಣ್. ಆ ಸದ್ದು ಯಾರದೆಂದು ಅಮಾತೆಪ್ಪನಿಗೆ ಹೇಳಬೇಕಾಗಿರಲಿಲ್ಲ.

“ಇದು ನನ್ನ ಗಾಳಿ ಅಲ್ರಿ ಕಾಕಾ.”

ಅಮಾತೆಪ್ಪ ತಿರುಗಿದ. “ಅಂಬಣ್ಣ! ನನ್ನ ಕೇಳದ ಯಾಕ ಹೊಡದಿ?”

“ಕೇಳಾಕ ನೀ ಮೊದಲಿನಂಗ ಗಾಳಿಗಂತ ನನ್ನ ಕಡಿ ಬಂದ್ರ ತಾನ!”

ಅಂದಮೇಲೆ ಅಂಬಣ್ಣನಿಗೇ ತಾನಾಡಿದ್ದು ಕೇಳಿಸಿತು.

“ಎರಿ ನೆಲಕ್ಕ ಹೆಬ್ಬಟ್ಟ ಅರ್ಧ ಉಗುರಷ್ಟ ಒಳಗ ಹೋಗಬೇಕ್ರಿ ಕಾಕಾ,” ಎಂದಳು ಗುಲಫಶಾ ಅಂಬಣ್ಣನ ಕಡೆ ತಿರುಗಿ, ಮೆಲ್ಲಗೆ. “ರೋಡಿಗೆ ನಿಮ್ಮ ಗಾಳೀನ ಖರೆ.”

“ನನಗ ಕಲಸಬ್ಯಾಡ ನೀ.”

ಅಂಬಣ್ಣ ಮರದಡಿಗೆ ಮರಳಿದ. ಕಾಂಡದ ಹಿಂದೆ ಅವನ ಸ್ವಂತ ಸೈಕಲ್ಲು ನಿಂತಿತ್ತು. ಅತ್ತ ಅವರಿಬ್ಬರೂ ಕೆಸರು ತೊಳೆಯುವುದರಲ್ಲಿದ್ದರು. ಅಂಬಣ್ಣ ಕುಕ್ಕರುಗಾಲಲ್ಲಿ ಕೂತು, ಟೈರಿನ ವಾಲ್ವು ಸಡಿಲಿಸಿ, ಹೆಬ್ಬೆರಳು ಅರ್ಧ ಉಗುರು ಒಳಹೋಗುವಷ್ಟು ಗಾಳಿ ಬಿಟ್ಟ. ಆಮೇಲೆ, ಅವಳಿಗಿಂತ ಕಡಿಮೆಯಾಗಬಾರದೆಂದು, ಇನ್ನಷ್ಟು ಬಿಟ್ಟ.