ದೇವರು ಹೇಳದ ಮಾತು

ಬಡಗಿ ಶವಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಇಟ್ಟು ಸುತ್ತಿಗೆ ಎತ್ತಿದ್ದ. ಸತ್ತವನ ಹೆಂಡತಿ ಬಡಗಿಯ ಮಣಿಕಟ್ಟು ಹಿಡಿದಳು.

“ಇನ್ನೊಂದು ಗಳಿಗೆ ತಡೀರಿ. ನನ್ನ ಮೈದುನ ಬರ್ತಾನೆ.”

“ಹನ್ನೊಂದು ವರ್ಷ ಈ ಕಡೆ ತಲೆ ಹಾಕದೋನು ಇವತ್ತು ಬರ್ತಾನಾ ಅಕ್ಕ?” ಪಾಸ್ಟರ್ ಮೆಲ್ಲಗೆ ಅಂದರು.

ಸತ್ತವನು ನಲ್ಲಿ ರಿಪೇರಿ ಮಾಡುತ್ತಿದ್ದ. ಸೋರುವುದು ನಿಂತ ಮೇಲೆ ಕೈ ಒರೆಸಿಕೊಂಡು, “ಮನೇಲಿ ಯಾರಿಗಾದ್ರೂ ಹುಷಾರಿಲ್ವಾ? ಪ್ರಾರ್ಥನೆ ಮಾಡ್ಲಾ?” ಎಂದು ಕೇಳುವುದು ವಾಡಿಕೆ. “ನಲ್ಲಿ ನಿಂತ್ರೂ ಇವನ ಬಾಯಿ ನಿಲ್ಲಲ್ಲ” ಎಂದು ಬೀದಿಯವರು ನಗುತ್ತಿದ್ದರು. ಜ್ವರ ಬಂದರೆ ಅವನಿಗೇ ಹೇಳಿಕಳಿಸುತ್ತಿದ್ದರು.

*

ಹನ್ನೊಂದು ವರ್ಷದ ಹಿಂದೆ ತಮ್ಮನ ಹೆಂಡತಿ ಕಾಯಿಲೆ ಬಿದ್ದಾಗ ಅಣ್ಣನಾದ ಅವನು ಮೂರು ದಿನ ಉಪವಾಸವಿದ್ದು, ಅವಳ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದ್ದ.

“ದೇವರು ಹೇಳಿದಾನೆ, ವಾಸಿಯಾಗ್ತೀಯ ಕಣಮ್ಮ. ಇನ್ನು ಮಾತ್ರೆ ಯಾಕೆ?”

ಅವಳು ನಂಬಿ ಮಾತ್ರೆ ಬಿಟ್ಟಳು. ಎರಡು ತಿಂಗಳಿಗೆ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ದಿನವೇ ತಮ್ಮ ಬಾಗಿಲು ಹಾಕಿಕೊಂಡ. ಚರ್ಚಿನ ಸಭೆಯ ಅರ್ಧ ಜನ ಅವನ ಜೊತೆ ಹೋಗಿ ಪಕ್ಕದ ಬೀದಿಯಲ್ಲಿ ಬೇರೆ ಸಭೆ ಕಟ್ಟಿದರು. ಅಣ್ಣ ಪ್ರತಿ ತಿಂಗಳೂ ಆ ಬಾಗಿಲು ತಟ್ಟಿದ. ಒಳಗಿನ ಹೆಜ್ಜೆ ಸಪ್ಪಳ ಬಾಗಿಲವರೆಗೆ ಬಂದು, ನಿಂತು, ಹಿಂದಕ್ಕೆ ಹೋಗುತ್ತಿತ್ತು.

*

ತಮ್ಮ ಬಂದ. ಜೊತೆಗೆ ಬಂದ ಅವನ ಸಭೆಯವರು ಗೇಟಿನ ಹೊರಗೇ ನಿಂತರು. ಅವನೂ ಹೊಸ್ತಿಲು ದಾಟಲಿಲ್ಲ.

“ಅತ್ತಿಗೆ, ಒಂದೇ ಮಾತು ಕೇಳ್ಬೇಕು. ಅವನಿಗೆ ಯಾವತ್ತಾದ್ರೂ ತಾನು ಮಾಡಿದ್ದು ತಪ್ಪು ಅನ್ನಿಸ್ತಾ?”

ಗೋಡೆಗೊರಗಿ ಕೂತಿದ್ದ ಆಸ್ಪತ್ರೆಯ ನರ್ಸ್ ಎದ್ದಳು.

“ಪ್ರತಿ ಶುಕ್ರವಾರ ನಮ್ಮ ವಾರ್ಡಿಗೆ ಬರ್ತಿದ್ರು. ಪ್ರಾರ್ಥನೆ ಮುಗಿಸಿ, ತಾವೇ ನೀರು ಹಿಡಿದು ಮಾತ್ರೆ ನುಂಗಿಸೋರು. ಯಾಕಣ್ಣ ಅಂತ ಕೇಳಿದ್ದಕ್ಕೆ, ‘ಒಬ್ಬಳಿಗೆ ಬೇಡ ಅಂದಿದ್ದೆ. ಅದು ದೇವರು ಹೇಳಿದ್ದಲ್ಲ, ನನ್ನ ಆಸೆ ಹೇಳಿದ್ದು’ ಅಂದ್ರು.”

ಪಾಸ್ಟರ್ ತಲೆ ತಗ್ಗಿಸಿದರು. “ಸಭೆ ಮುಂದೇನೇ ಒಪ್ಕೋತೀನಿ ಅಂತ ನಿಂತಿದ್ದ. ನಾನೇ ಕೂರಿಸ್ಬಿಟ್ಟೆ. ಜನರ ನಂಬಿಕೆ ಹೋಗುತ್ತೆ ಅಂತ ಹೆದರಿದೆ, ಕಣಪ್ಪ.”

ತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಇನ್ನೊಂದ್ಸಲ ತಟ್ಟಲಿ, ತೆಗೀತೀನಿ ಅಂದ್ಕೊಂಡೇ ನಿಂತಿರ್ತಿದ್ದೆ, ಅತ್ತಿಗೆ. ಪ್ರತಿ ಸಲಾನೂ.”

ಅವಳು ಅವನ ಕೈ ಹಿಡಿದು ಒಳಗೆ ಕರೆದೊಯ್ದಳು. ಅವನು ಅಣ್ಣನ ಮುಖ ನೋಡಿ ಮುಗಿಸುವವರೆಗೆ ಬಡಗಿ ಕಾದ.

ಪೆಟ್ಟಿಗೆ ಎತ್ತುವಾಗ ಎರಡೂ ಸಭೆಯವರು ಹೆಗಲು ಕೊಟ್ಟರು. ತಲೆಯ ಕಡೆಗೆ ತಮ್ಮ ನಿಂತ. ಅವನು ಉಳಿದವರಿಗಿಂತ ನಾಲ್ಕು ಬೆರಳು ಕುಳ್ಳ. ಸ್ಮಶಾನದ ಏರುದಾರಿಯುದ್ದಕ್ಕೂ, ಪೆಟ್ಟಿಗೆ ತನ್ನ ಕಡೆ ವಾಲದಂತೆ, ತುದಿಗಾಲಲ್ಲೇ ನಡೆದ.